ಅಲಗು ಹಿಡಿದ ಕೈ

ಆಗಸ್ಟ್ 18, 2024, ಭಾನುವಾರ

ಗೋಕಿಲಾಳನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ದವಡೆ ಎರಡು ಕಡೆ ಮುರಿದಿದೆ. ಮೇಲಿನ ಹಲ್ಲುಗಳಿಗೂ ಕೆಳಗಿನ ಹಲ್ಲುಗಳಿಗೂ ಸೇರಿಸಿ ತಂತಿ ಬಿಗಿದಿದ್ದಾರೆ. ಐದು ವಾರ ಹೀಗೇ ಇರಬೇಕು. ಗಂಜಿತಿಳಿ, ಹಣ್ಣಿನ ರಸ, ಎಲ್ಲವೂ ಸ್ಟ್ರಾನಲ್ಲೇ. ಹಲ್ಲು ಕಚ್ಚಿಕೊಂಡೇ ಮಾತಾಡಬಹುದು ಎಂದರು ಡಾಕ್ಟರು. ಅವಳು ಮಾತಾಡುತ್ತಿಲ್ಲ. ಬೇಕಾದದ್ದನ್ನು ಫೋನಿನಲ್ಲಿ ತಮಿಳಿನಲ್ಲಿ ಬರೆದು ಅವಳಮ್ಮನಿಗೆ ತೋರಿಸುತ್ತಾಳೆ. ನನಗೆ ಏನನ್ನೂ ತೋರಿಸಿಲ್ಲ.

ನನಗಿರುವವಳು ಒಬ್ಬಳೇ ಮಗಳು. ಇಪ್ಪತ್ತೈದು ವರ್ಷ. ಧಾರಾಪುರಕ್ಕೆ ಕೊಟ್ಟು ಮೂರು ವರ್ಷವಾಯಿತು. ಅಳಿಯ ಮಣಿಕಂಠನ್‌ಗೆ ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಯಾರೋ ಗಿರಾಕಿ ಫೋನ್ ಮಾಡಿದಾಗ ಇವಳು ಎತ್ತಿ ನಕ್ಕು ಮಾತಾಡಿದಳಂತೆ. ಅಷ್ಟಕ್ಕೆ ಕುಕ್ಕರಿನ ಮುಚ್ಚಳ ತೆಗೆದುಕೊಂಡು ಮುಖಕ್ಕೆ ಹೊಡೆದಿದ್ದಾನೆ. ಬಿದ್ದ ಮೇಲೆ ಒದ್ದಿದ್ದಾನೆ.

ಆಸ್ಪತ್ರೆಯಲ್ಲಿ ಮೆಟ್ಟಿಲಿನಿಂದ ಜಾರಿಬಿದ್ದಳು ಎಂದು ನಾನೇ ಬರೆಸಿದೆ. ಪೊಲೀಸು, ಕೋರ್ಟು ಎಂದು ಅಲೆಯುವವರು ಗಂಡಸು ದಿಕ್ಕಿಲ್ಲದ ಮನೆಯವರು. ನನಗೆ ಚೌಡಮ್ಮನಿದ್ದಾಳೆ. ಇಪ್ಪತ್ತೆರಡು ವರ್ಷದಿಂದ ವಿಜಯದಶಮಿಗೆ ಅವಳ ಮುಂದೆ ಅಲಗು ಹಿಡಿದು ಎದೆಗೆ ಹೊಡೆದುಕೊಂಡವನು ನಾನು. ಗೀರು ಬಿದ್ದದ್ದುಂಟು, ಭಂಡಾರ ಮೆತ್ತಿದರೆ ಸಂಜೆಗೆ ಮಾಯ. ಹೊಲಿಗೆ ಹಾಕಿಸಿಕೊಂಡದ್ದಿಲ್ಲ. ಅವಳು ನನ್ನ ಮೈಯಲ್ಲಿದ್ದಾಳೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಈ ವಿಜಯದಶಮಿ ಕಳೆಯಲಿ. ವ್ರತ ಮುಗಿಸಿ, ಅವಳ ಅಪ್ಪಣೆ ತೆಗೆದುಕೊಂಡು, ಧಾರಾಪುರಕ್ಕೆ ಹೋಗಿ ಅವನನ್ನು ಕಡಿದು ಹಾಕುತ್ತೇನೆ. ಇದು ಸಿಟ್ಟಲ್ಲ, ಸೇವೆ.

ಇದನ್ನು ಇಲ್ಲಿ ಬರೆಯಲು ಭಯವಿಲ್ಲ. ತಮಿಳು ಸೀಮೆಯ ಈ ಸೋಮನೂರಿನಲ್ಲಿ, ನಮ್ಮ ನೇಕಾರರ ಬೀದಿಯಲ್ಲಿ ಎಲ್ಲ ಮನೆಯೊಳಗೂ ಮಾತು ಕನ್ನಡವೇ. ಆದರೆ ಓದಲು ಬರುವವನು ನಾನೊಬ್ಬ. ತಾತ ಕಲಿಸಿ ಹೋದದ್ದು.

ಹೆಂಡತಿ ಪೆರಿಯನಾಯಕಿ ಅಡುಗೆಮನೆಯಲ್ಲಿ ಅಳುತ್ತಲೇ ಇದ್ದಳು. ಎರಡು ಸಲ ಸಾಕು ಎಂದೆ. ಮೂರನೆಯ ಸಲ ಕೈ ಎದ್ದಿತು. ಚೌಡಮ್ಮ ತಾಯಿ ಮೈಮೇಲೆ ಬಂದಾಗ ಎದುರಿಗೆ ನಿಂತು ಅಳಬಾರದೆಂದು ಅವಳಿಗೆ ಮದುವೆಯಾದ ಇಪ್ಪತ್ತೆಂಟು ವರ್ಷದಿಂದ ಗೊತ್ತು.

ಆಗಸ್ಟ್ 25, ಭಾನುವಾರ

ನಂಜಪ್ಪನ್ ಮಾಮನ ಮನೆಗೆ ಹೋಗಿದ್ದೆ. ಅವರಿಗೆ ಎಂಬತ್ತು ದಾಟಿದೆ. ನಮ್ಮಲ್ಲಿ ಅಲಗು ಹಿಡಿಯುವವರಿಗೆಲ್ಲ ಕತ್ತಿ ಎತ್ತಿಕೊಡುವವರು ಅವರೇ. ತಿಣ್ಣೆಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಈ ಸಲ ಮೆರವಣಿಗೆ ಮುಂದಿನ ಅಲಗು ನಂಗೆ ಬೇಕು ಮಾಮಾ," ಎಂದೆ.

"ಯಾಕೆ?"

"ಹರಕೆ."

"ಏನ್ ಹರಕೆ?"

ಹೇಳಲಿಲ್ಲ. ಅವರು ಎಣ್ಣೆಯ ಕೈ ಒರೆಸಿಕೊಂಡರು.

"ನಿನ್ ಮಗಳ ವಿಷಯ ಕೇಳ್ದೆ. ನೋಡಪ್ಪಾ, ಅಲಗಿನ ಬಾಯಿ ಯಾವಾಗ್ಲೂ ಹಿಡಿದೋನ ಕಡೆಗೇ ಇರ್ಬೇಕು. ಎದುರಿಗಿರೋನ ಕಡೆ ತಿರುಗಿದ್ರೆ ಅದು ಬರೀ ಕಬ್ಣ."

"ಇಪ್ಪತ್ತೆರಡು ವರ್ಷದಿಂದ ಹಿಡಿಯೋನಿಗೆ ಇದ್ನ ಹೇಳ್ಬೇಕಾ?"

"ಹೇಳ್ಬೇಕು ಅನ್ನಿಸ್ತು."

ವಯಸ್ಸಾದ ಮೇಲೆ ಎಲ್ಲರಿಗೂ ಕರುಳು ಸಡಿಲವಾಗುತ್ತದೆ. ಆದರೂ ಕೊಡುತ್ತೇನೆಂದರು. ಅಷ್ಟು ಸಾಕು.

ಸೆಪ್ಟೆಂಬರ್ 3, ಮಂಗಳವಾರ

ವ್ರತ ಹಿಡಿದು ಮೂರನೆಯ ದಿನ. ಒಂದು ಹೊತ್ತು ಊಟ, ಬರಿ ನೆಲದಲ್ಲಿ ನಿದ್ದೆ. ನಲವತ್ತೊಂದು ದಿನ.

ಮೈಯೆಲ್ಲ ಬೆಂಕಿ. ಲೂಮಿನ ಮುಂದೆ ನಿಂತರೆ ಲಾಳಿ ಹೋಗಿ ಬಡಿಯುವ ಒಂದೊಂದು ಸದ್ದಿಗೂ ಅವನ ಮುಖ ಕಾಣುತ್ತದೆ. ಮೂಗಿನ ಮೇಲೆ, ಹಲ್ಲಿನ ಮೇಲೆ, ಮತ್ತೆ ಮೂಗಿನ ಮೇಲೆ. ಹೀಗೆ ಎಂಟು ಗಂಟೆ ಅವನನ್ನು ಹೊಡೆಯುತ್ತೇನೆ. ಬಟ್ಟೆ ಮಾತ್ರ ಚೆನ್ನಾಗಿ ಬರುತ್ತಿದೆ, ಒಂದು ಎಳೆ ತಪ್ಪಿಲ್ಲ.

ಮಧ್ಯಾಹ್ನ ವ್ರತದ ಅನ್ನದಲ್ಲಿ ಕೂದಲು ಸಿಕ್ಕಿತು. ತಟ್ಟೆ ಗೋಡೆಗೆ ಹೋಗಿ ಬಿತ್ತು. ಪೆರಿಯನಾಯಕಿಯ ಹುಬ್ಬಿನ ಮೇಲೆ ಸ್ವಲ್ಪ ತಾಗಿದೆ. ಒಳಗಿನಿಂದ ಗೋಕಿಲಾ ಕೋಣೆಯ ಚಿಲಕ ಹಾಕಿಕೊಂಡ ಸದ್ದಾಯಿತು. ಕಂಡವರ ಮನೆಯಲ್ಲಿ ಪೆಟ್ಟು ತಿಂದು ತಿಂದು ಪಾಪ, ಪಾತ್ರೆಯ ಸದ್ದಿಗೂ ಬೆಚ್ಚುತ್ತಾಳೆ. ಅದಕ್ಕೂ ಅವನೇ ಉತ್ತರ ಕೊಡಬೇಕು.

ಸೆಪ್ಟೆಂಬರ್ 15, ಭಾನುವಾರ

ಅವನೇ ಬಂದ. ಸೇಬು, ಮಲ್ಲಿಗೆ, ಇಸ್ತ್ರಿ ಮಾಡಿದ ಬಿಳಿ ಷರ್ಟು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಕರ್ಕೊಂಡ್ ಹೋಗಕ್ ಬಂದೆ ಮಾಮಾ. ಏನೋ ಕೋವದಲ್ಲಿ, ಸಿಟ್ಟಲ್ಲಿ ಆಗೋಯ್ತು, ಮನಸ್ಸಲ್ಲಿ ಇಟ್ಕೋಬೇಡಿ," ಎಂದ.

ವ್ರತ ಮುಗಿಯುವವರೆಗೆ ಅವನನ್ನು ಮುಟ್ಟಬಾರದೆಂದುಕೊಂಡಿದ್ದೆ. ಆಗಲಿಲ್ಲ. ಲೂಮಿನ ಪಕ್ಕ ಬಿದ್ದಿದ್ದ ಮರದ ಕೋಲು ಕೈಗೆ ಬಂತು. ಮೊದಲನೆಯದು ಮೊಣಕಾಲಿಗೆ, ಎರಡನೆಯದು ಬೆನ್ನಿಗೆ. ಬೀದಿಗೆ ಓಡಿದ. ಬೀದಿಯಲ್ಲಿ ಕೆಡವಿ ಎದೆಯ ಮೇಲೆ ಕೂತು ಬಾಯಿಗೆ ಗುದ್ದುತ್ತಿದ್ದೆ. ಹಲ್ಲು ಮುರಿದು ನನ್ನ ಗೆಣ್ಣಿಗೆ ಚುಚ್ಚಿಕೊಂಡಿತು. ಸೇಬುಗಳು ಚರಂಡಿಯವರೆಗೆ ಉರುಳಿದ್ದವು. ನಾಲ್ಕು ಜನ ಬಂದು ನನ್ನನ್ನು ಎಳೆದರು. ಅವನು ರಕ್ತ ಉಗುಳಿ ಎದ್ದು ಕೂತ. ಇಡೀ ಬೀದಿಗೆ ಕೇಳುವಂತೆ ಕೂಗಿದ:

"ನೀವ್ ಅತ್ತೆಗೆ ಹೊಡೀಲಿಲ್ವಾ ಮಾಮಾ? ಮದ್ವೆ ಆಗಿ ಮೊದಲ್ನೇ ತಲೆದೀಪಾವಳಿಗೆ ಅಳಿಯ ಅಂತ ಬಂದಾಗ ನೀವೇ ತಾನೇ ಹೇಳಿದ್ದು, ಮೊದ್ಲೇ ಬಗ್ಗಿಸ್ಬೇಕು ಮಾಪಿಳ್ಳೆ, ಇಲ್ದಿದ್ರೆ ತಲೆ ಮೇಲ್ ಕೂರ್ತಾರೆ ಅಂತ?"

ನನ್ನನ್ನು ಹಿಡಿದಿದ್ದವರ ಕೈ ಸಡಿಲವಾಯಿತು. ನಾನು ತಿರುಗಿ ನೋಡಿದಾಗ ಪೆರಿಯನಾಯಕಿ ಬಾಗಿಲಲ್ಲಿ ನಿಂತಿದ್ದಳು. ಬಿಡಿಸಲು ಬಂದಿರಲಿಲ್ಲ, ಅಳುತ್ತಲೂ ಇರಲಿಲ್ಲ.

ಆ ಮಾತು ನಾನು ಹೇಳಿರಬಹುದು. ನಾಲ್ಕು ಗಂಡಸರು ಕೂತಲ್ಲಿ ಹೇಳುವ ಮಾತೇ ಅದು. ಹೇಳಿದ ಮಾತ್ರಕ್ಕೆ ದವಡೆ ಮುರಿಯುತ್ತಾರೆಯೇ? ನಾನು ಯಾವತ್ತೂ ಮೂಳೆ ಮುರಿದವನಲ್ಲ.

ಸೆಪ್ಟೆಂಬರ್ 16, ಸೋಮವಾರ

ಮಚ್ಚು ಸಾಣೆಗೆ ಕೊಟ್ಟು ಬಂದೆ.

ಸೆಪ್ಟೆಂಬರ್ 24, ಮಂಗಳವಾರ

ಆರ್.ಎಸ್. ಪುರಂನ ಕ್ಲಿನಿಕ್ಕಿನಲ್ಲಿ ಗೋಕಿಲಾಳ ತಂತಿ ಬಿಚ್ಚಿದರು. ಬಾಯಿ ಎರಡು ಬೆರಳಿನಷ್ಟು ತೆರೆಯುತ್ತದೆ. ಹೊರಗೆ ಬಂದಾಗ ಹನ್ನೊಂದು ಗಂಟೆ. ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಇಡ್ಲಿ ಹೇಳಿದೆ. ಅವಳು ಅದನ್ನು ಸಾಂಬಾರಿನಲ್ಲಿ ನುಣ್ಣಗೆ ಕಿವುಚಿ, ಚಮಚದ ತುದಿಯಲ್ಲಿ ಒಂದೊಂದೇ ತುತ್ತು ಒಳಗಿಟ್ಟುಕೊಳ್ಳುತ್ತಿದ್ದಳು. ನಡುವೆ, ತಲೆ ಎತ್ತದೆ ಮಾತಾಡಿದಳು. ಐದು ವಾರದ ಮೇಲೆ ಅವಳ ದನಿ ಕೇಳಿದೆ.

"ಮಚ್ಚು ಸಾಣೆ ಹಿಡಿಸಿದೀರಿ ಅಂತ ಅಮ್ಮ ಹೇಳಿದ್ಳು."

"ಅದೆಲ್ಲ ನಿಂಗ್ಯಾಕೆ ಕಣ್ಣು? ಉಣ್ಣು ಕೂಸೇ."

"ನೀವ್ ಅವರನ್ನ ಕೊಂದ್ರೆ, ನಂಗೋಸ್ಕರ ಅಂತ ಮಾತ್ರ ಹೇಳ್ಬೇಡಿ."

"ಮತ್ತೆ ಯಾರಿಗೋಸ್ಕರ?"

ಅವಳು ಇನ್ನೊಂದು ತುತ್ತು ಮುಗಿಸಿ ಹೇಳಿದಳು: "ಏಳು ವರ್ಷದೋಳಿದ್ದಾಗ ನಾನು ಚೌಡಮ್ಮನ ಹತ್ರ ಬೇಡ್ಕೊಂತಿದ್ದೆ, ಅಮ್ಮ ಸತ್ತೋಗ್ಲಿ ಅಂತ."

"ಏನ್ ಮಾತಿದು?"

"ಸತ್ರೆ ನೋವಾಗಲ್ಲಲ್ಲಾ ಅಂತ. ದಿನಾ ಬೇಡ್ಕೊಂತಿದ್ದೆ. ಆಮೇಲೆ ಒಂದ್ಸಲ ಅಮ್ಮಂಗೆ ಜ್ವರ ಬಂತು. ನನ್ನಿಂದಾನೇ ಬಂತು ಅಂತ ಎರಡು ದಿನ ಹೆದ್ರಿ ಉಣ್ಲಿಲ್ಲ. ಮಗು ಯಾಕೆ ಉಣ್ಲಿಲ್ಲ ಅಂತ ನೀವು ಅಮ್ಮನ್ನೇ ಹೊಡೆದ್ರಿ."

"ಅದು... ತಾಯಿ ಮೈಮೇಲ್ ಬಂದಾಗ ಕೈ ಎದ್ಬಿಡ್ತದೆ ಕಣ್ಣು."

"ಯಾರ ಕೈಯಪ್ಪಾ?"

ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಇಡೀ ಹೋಟೆಲು ತಿರುಗಿ ನೋಡಿತು. ನಾನು ಎದ್ದು ನಿಂತಿದ್ದೆ. ಕೈ ಮೇಲಿತ್ತು. ಗೋಕಿಲಾ ಚಮಚ ಬಿಟ್ಟು ಎರಡೂ ಅಂಗೈಯಿಂದ ದವಡೆಯನ್ನು ಮುಚ್ಚಿಕೊಂಡಿದ್ದಳು. ನೀರು ತಂದವನು ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ.

ಕೈ ಇಳಿಯಿತು. ಇಲ್ಲ, ಇಳಿಸಿದೆ.

ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿತ್ತು. ಅವಳು ಮುಂದೆ ಹೋಗಿ ಹೆಂಗಸರ ಜೊತೆ ಕೂತಳು.

ಸೆಪ್ಟೆಂಬರ್ 27, ಶುಕ್ರವಾರ

ಮೇಲಿನ ಹಲಗೆಯಿಂದ ಭಂಡಾರದ ಡಬ್ಬಿ ತೆಗೆಯಲು ಕೈ ಎತ್ತಿದೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಪೆರಿಯನಾಯಕಿ ಕಣ್ಣು ಮುಚ್ಚಿ ಭುಜ ಕುಗ್ಗಿಸಿದಳು. ಡಬ್ಬಿ ತೆಗೆದುಕೊಂಡು ಹೊರಗೆ ಬಂದೆ. ಅವಳು ಕಣ್ಣು ತೆರೆದಳೋ ಇಲ್ಲವೋ ನೋಡಲಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೋ ತಿಳಿಯದು. ವ್ರತದ ವಿಷಯ ಬರೆಯಬೇಕೆಂದು ಕೂತಿದ್ದೆ.

ಅಕ್ಟೋಬರ್ 13, ಭಾನುವಾರ

ಎದೆಯ ಎಡಗಡೆಗೆ ಹದಿನಾಲ್ಕು ಹೊಲಿಗೆ. ಒಂದೇ ಮಗ್ಗುಲಲ್ಲಿ ಒರಗಿಕೊಂಡು ಬರೆಯುತ್ತಿದ್ದೇನೆ. ನಿನ್ನೆ ಆದದ್ದನ್ನು ಇವತ್ತೇ ಬರೆಯದಿದ್ದರೆ ಬೇರೆ ಏನಾದರೂ ಸೇರಿಸಿಬಿಡುತ್ತೇನೆ.

ಬೆಳಿಗ್ಗೆ ಎಂಟಕ್ಕೆ ತಮಟೆ ಶುರುವಾಯಿತು. ನಾವು ಮೂವತ್ತು ಜನ ಬರಿಮೈಯಲ್ಲಿ, ಅರಿಸಿನ ಬಳಿದುಕೊಂಡು ನಿಂತಿದ್ದೆವು. ಮುಂದಿನ ಅಲಗನ್ನು ನಂಜಪ್ಪನ್ ಮಾಮ ನನ್ನ ಕೈಗೆ ಕೊಟ್ಟರು. "ತೀಸುಕೋ ತಾಯೇ, ತೀಸುಕೋ," ಎಂದು ಕೂಗುತ್ತ ಬಲದೆದೆಗೆ ಒಂದು, ಎಡದೆದೆಗೆ ಒಂದು. ತೆಗೆದುಕೋ ತಾಯೇ, ತೆಗೆದುಕೋ. ಬೇರೆ ವರ್ಷವಾದರೆ ಹತ್ತು ಹೆಜ್ಜೆಯೊಳಗೆ ಕಿವಿ ಮುಚ್ಚಿ ಹೋಗುತ್ತದೆ, ಕಣ್ಣಿಗೆ ಕೆಂಪು ಹತ್ತುತ್ತದೆ, ಆಮೇಲೆ ನಾನಿರುವುದಿಲ್ಲ. ನಿನ್ನೆ ನೂರು ಹೆಜ್ಜೆ ನಡೆದರೂ ನಾನಿದ್ದೆ. ಬಿಸಿಲು ಗೊತ್ತಾಗುತ್ತಿತ್ತು. ಅಂಗಾಲಿಗೆ ಕಲ್ಲು ಚುಚ್ಚುವುದು ಗೊತ್ತಾಗುತ್ತಿತ್ತು. ಕರೆದೆ. ಬರಲಿಲ್ಲ. ಗಂಟಲು ಹರಿಯುವಂತೆ ಕರೆದೆ. ಬರಲಿಲ್ಲ.

ಆಗ ಜೋರಾಗಿ ಹೊಡೆದುಕೊಂಡೆ. ಚರ್ಮ ಬಿಟ್ಟಿತು. ಬಿಸಿಯಾಗಿ ಹೊಟ್ಟೆಯ ಮೇಲೆ ಇಳಿಯಿತು. ಮತ್ತೂ ಜೋರಾಗಿ ಅದೇ ಜಾಗಕ್ಕೆ. ಯಾರೋ ಹಿಡಿಗಟ್ಟಲೆ ಭಂಡಾರ ಎರಚಿದರು, ಅರಿಸಿನವೆಲ್ಲ ಕೆಸರಾಗಿ ಪಂಚೆಗೆ ಇಳಿಯಿತು. ತಮಟೆಯವರು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಮಾಂಸದೊಳಗೆ ಅಲಗು ಮೂಳೆಗೆ ತಾಗುವ ಸದ್ದು ನನಗೇ ಕೇಳಿಸಿತು. ಆ ಹೊತ್ತಿಗೆ ಅವಳು ಬರಲಿ ಎಂದೂ ಇರಲಿಲ್ಲ. ಒಳಗೆ ಏನೋ ಇದೆ, ಅದನ್ನು ಅಗೆದು ತೆಗೆಯಬೇಕು ಎಂದಷ್ಟೇ ಇತ್ತು.

ನಂಜಪ್ಪನ್ ಮಾಮ ಬಂದು ಬರಿಗೈಯಲ್ಲಿ ಅಲಗಿನ ಬಾಯಿಯನ್ನೇ ಹಿಡಿದರು. ನಾನು ಎಳೆದೆ. ಅವರು ಬಿಡಲಿಲ್ಲ. ಅವರ ಅಂಗೈ ಸೀಳಿ ಹೋಯಿತು.

ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಬೆಂಚಿನಲ್ಲಿ ಕೂರಿಸಿದ್ದರು. ಹೇಳಿದೆ: "ತಾಯಿ ಬರ್ಲಿಲ್ಲ ಮಾಮಾ. ಇಪ್ಪತ್ತೆರಡು ವರ್ಷ ತಪ್ಪದೆ ಬಂದೋಳು."

"ಯಾವತ್ತು ಬಂದಿದ್ಳು?" ಎಂದರು.

ಹೊಲಿಗೆ ಎಳೆಯುತ್ತಿದ್ದರೂ ಅವರ ಕಡೆ ತಿರುಗಿದೆ.

"ಅವ್ಳು ಬಂದ್ರೆ ಮನುಷ್ಯ ಮೆತ್ತಗಾಗ್ತಾನಪ್ಪಾ. ಮನೇಲಿ ಆ ಹೆಣ್ಮಗಳಿಗೆ ಬಡೀತಿದ್ದದ್ದು ಅವ್ಳಲ್ಲ. ನೀನು."

"ನಿಮ್ಗೆ ಗೊತ್ತಿತ್ತಾ?"

"ಬೀದಿಗೇ ಗೊತ್ತಿತ್ತು. ಕರೆಂಟು ಹೋಗಿ ಲೂಮ್ ನಿಂತಾಗೆಲ್ಲ ಕೇಳ್ತಿತ್ತು."

"ಗೊತ್ತಿದ್ದೂ ನಂಗೆ ಅಲಗು ಕೊಟ್ರಾ?"

ಮುದುಕರು ಕೈಯ ಬ್ಯಾಂಡೇಜು ನೋಡಿಕೊಂಡರು. "ಕೊಟ್ಟೆ. ಅದು ನನ್ ಪಾಪ," ಎಂದರು.

ಅಕ್ಟೋಬರ್ 16, ಬುಧವಾರ

ಚೌಡಮ್ಮನ ಅಪ್ಪಣೆ ಸಿಗಲಿಲ್ಲ. ಸಿಗದಿದ್ದರೆ ಬೇಡ. ಮಚ್ಚು ಟವಲಿನಲ್ಲಿ ಸುತ್ತಿದ್ದೇನೆ. ಒಂಬತ್ತೂವರೆಗೆ ಬಸ್ಸು.

ಡಿಸೆಂಬರ್ 1, ಭಾನುವಾರ

ಮೊನ್ನೆ ಜಾಮೀನು ಸಿಕ್ಕಿತು. ನಲವತ್ತು ದಿನದ ಮೇಲೆ ಒಳಗಿದ್ದೆ. ಜಾಮೀನಿಗೆ ನಿಂತವರು ನಂಜಪ್ಪನ್ ಮಾಮ. ಅವರ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ, ಎಡಗೈಯಲ್ಲಿ ಸಹಿ ಹಾಕಿದರಂತೆ. ದಿನಾ ಬೆಳಿಗ್ಗೆ ಹತ್ತಕ್ಕೆ ನಾನು ಸ್ಟೇಷನ್ನಿನಲ್ಲಿ ಸಹಿ ಹಾಕಬೇಕು.

ಮನೆಗೆ ಬೀಗ ಹಾಕಿತ್ತು. ಕೀಲಿ ಪಕ್ಕದ ಮನೆಯಲ್ಲಿತ್ತು. ಪೆರಿಯನಾಯಕಿ ಮಗಳನ್ನು ಕರೆದುಕೊಂಡು ಮದುಕ್ಕರೈಯಲ್ಲಿರುವ ತನ್ನ ಅಕ್ಕನ ಮನೆಗೆ ಹೋಗಿದ್ದಾಳೆ. ಹೋಗುವ ಮೊದಲು ಇಬ್ಬರೂ ಧಾರಾಪುರದ ಮಹಿಳಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ಮಣಿಕಂಠನ್ ಮೇಲೆ ದೂರು ಬರೆಸಿದ್ದಾರೆ. ಮೆಟ್ಟಿಲಿನಿಂದ ಬಿದ್ದದ್ದು ಸುಳ್ಳು ಎಂದೂ, ಆ ಸುಳ್ಳು ಹೇಳಿದವನು ಅಪ್ಪ ಎಂದೂ ಗೋಕಿಲಾ ಬರೆಸಿದ್ದಾಳಂತೆ. ಸರಿಯಾಗಿಯೇ ಬರೆಸಿದ್ದಾಳೆ.

ಆ ದಿನದ್ದನ್ನು ಪೊಲೀಸರಿಗೆ ಹೇಳಿದ್ದೇನೆ, ಮ್ಯಾಜಿಸ್ಟ್ರೇಟರಿಗೆ ಹೇಳಿದ್ದೇನೆ. ಇಲ್ಲಿ ಇನ್ನೂ ಬರೆದಿಲ್ಲ.

ಮಧ್ಯಾಹ್ನ ಹನ್ನೆರಡೂವರೆ. ಅಂಗಡಿಯಲ್ಲಿ ಒಬ್ಬನೇ ಇದ್ದ. ಕನ್ನಡಕ ಹಾಕಿಕೊಂಡು, ಬಿಚ್ಚಿಟ್ಟ ಮೋಟಾರಿನೊಳಗೆ ತಾಮ್ರದ ತಂತಿ ಸುತ್ತುತ್ತಿದ್ದ. ಮುಂದಿನ ಹಲ್ಲು ಇರಲಿಲ್ಲ. ನನ್ನನ್ನು ಕಂಡು ಅಭ್ಯಾಸದಿಂದ ಎದ್ದು, "ಬನ್ನಿ ಮಾಮಾ," ಎಂದ. ಟವಲು ಬಿಚ್ಚಿದೆ. ಮೊದಲ ಏಟು ಭುಜಕ್ಕೆ ಬಿತ್ತು. ನನ್ನ ಎದೆಯ ಹೊಲಿಗೆಗಳು ಪಟಪಟನೆ ಕಿತ್ತು ಬಂದವು. ಅವನು ಸ್ಟೂಲಿನ ಸಮೇತ ಉರುಳಿದ. ಉರುಳಿದವನು ಮಂಡಿಯನ್ನು ಹೊಟ್ಟೆಗೆ ಎಳೆದುಕೊಂಡು, ತಲೆಯ ಮೇಲೆ ತೋಳು ಅಡ್ಡ ಇಟ್ಟು, ಗೋಡೆಗೆ ಮುಖ ಒತ್ತಿಕೊಂಡ. ಕೂಗಲಿಲ್ಲ.

ಆ ಭಂಗಿ ನನಗೆ ಗೊತ್ತಿತ್ತು. ಇಪ್ಪತ್ತೆಂಟು ವರ್ಷ ನೋಡಿದ್ದೇನೆ, ಮೇಲಿನಿಂದ. ಯಾವಾಗಲೂ ಮೇಲಿನಿಂದಲೇ. ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಒಲೆಗೂ ಗೋಡೆಗೂ ನಡುವೆ ಪೆರಿಯನಾಯಕಿ ಹೀಗೆಯೇ ಆಗುತ್ತಿದ್ದಳು. ಅವಳೂ ಕೂಗುತ್ತಿರಲಿಲ್ಲ. ಕೂಗಬಾರದೆಂದು ಕಲಿಸಿದವನು ನಾನು.

ಇದನ್ನು ಕಂಡು ಕೈ ಸೋತಿತು ಎಂದು ಬರೆಯಲು ಆಸೆಯಾಗುತ್ತದೆ. ಹಾಗಾಗಲಿಲ್ಲ. ಕಂಡ ಮೇಲೆ ಎರಡನೆಯ ಏಟು ಹೊಡೆದೆ. ಯಾರೂ ಮೈಮೇಲೆ ಬಂದಿರಲಿಲ್ಲ. ಕಿವಿ ಕೇಳುತ್ತಿತ್ತು, ಹೊರಗೆ ಬಸ್ಸಿನ ಹಾರನ್ ಕೂಡ ಕೇಳಿತು. ಚೆನ್ನಾಗಿ ತಿಳಿದು, ನೋಡಿ, ನಾನು ಹೊಡೆದೆ. ತಲೆಗೆ ಅಡ್ಡ ಇದ್ದ ಕೈಗೆ ಬಿತ್ತು. ಎರಡು ಬೆರಳು ತಂತಿಯ ಸುರುಳಿಯ ಮೇಲೆ ಬಿದ್ದವು. ಅವು ಅಲ್ಲಿ ಬಿದ್ದದ್ದನ್ನು ನೋಡಿದ ಮೇಲೆ ಮಚ್ಚು ಕೆಳಗಿಟ್ಟೆ.

ಟವಲಿನಿಂದ ಅವನ ಕೈ ಬಿಗಿದು ಕಟ್ಟಿದೆ. ಆಟೋ ಕೂಗಿ ಎತ್ತಿ ಕೂರಿಸಿದೆ. ನನ್ನ ಷರ್ಟೂ ನೆನೆದಿತ್ತು, ಯಾರ ರಕ್ತ ಎಲ್ಲಿಯದೆಂದು ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ಅವನು ಒಂದೇ ಮಾತು ಹೇಳಿದ: "ಸಾಕು ಮಾಮಾ." ಹಲ್ಲು ಕಟಕಟಿಸುತ್ತಿದ್ದ. ನನ್ನ ಭುಜಕ್ಕೇ ಒರಗಿಕೊಂಡಿದ್ದ, ಬೇರೆ ಕಡೆ ಒರಗಲು ಜಾಗವಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೂತು ಪೊಲೀಸರಿಗೆ ಕಾದೆ.

ಬೆರಳು ಕೂಡಿಸಲಾಗಲಿಲ್ಲವಂತೆ. ಇನ್ನು ಅವನು ವೈಂಡಿಂಗ್ ಮಾಡಲಾರ. ನನ್ನ ಮಗಳ ದವಡೆ ಇದರಿಂದ ನೆಟ್ಟಗಾಗಲಿಲ್ಲ.

ಜೈಲಿಗೆ ಬಿಳಿ ಬಟ್ಟೆಯವರೊಬ್ಬರು ವಾರಕ್ಕೊಮ್ಮೆ ಬಂದು ಧ್ಯಾನ ಹೇಳಿಕೊಡುತ್ತಿದ್ದರು. ಕೋಪ ಬಂದಾಗ ಅದನ್ನು ಮನೆಗೆ ಬಂದ ಅತಿಥಿ ಎಂದುಕೊಳ್ಳಿ, ಸುಮ್ಮನೆ ನೋಡುತ್ತಿರಿ, ಹೊರಟುಹೋಗುತ್ತದೆ ಎಂದರು. ನಾನು ಎದ್ದು, "ಸಾಮಿ, ನಮ್ಮ ಮನೆಯಲ್ಲಿ ಅದು ಅತಿಥಿಯಲ್ಲ, ಯಜಮಾನ," ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಡಿಸೆಂಬರ್ 4, ಬುಧವಾರ

ಬೆಳಿಗ್ಗೆ ಸ್ನಾನ ಮಾಡಿ ಚೌಡಮ್ಮನ ಪಟದ ಮುಂದೆ ಕೂತೆ. ಎಷ್ಟು ಹೊತ್ತು ಕೂತರೂ ಏನು ಕೇಳಬೇಕೆಂದು ಹೊಳೆಯಲಿಲ್ಲ. ಏನೂ ಬೇಡಿಕೊಳ್ಳದೆ ಎದ್ದೆ.

ನಂಜಪ್ಪನ್ ಮಾಮನ ಮನೆಗೆ ಹೋಗಿ, ಇನ್ನು ಅಲಗು ಕೇಳುವುದಿಲ್ಲ, ಗುಡಿ ಗುಡಿಸಿಕೊಂಡಿರುತ್ತೇನೆ ಎಂದೆ.

"ಅದೂ ಬೇಡ," ಎಂದರು. "ಕಷ್ಟ ಬಂದ ತಕ್ಷಣ ಓಡೋಗಿ ಅವ್ಳ ಮಡಿಲಲ್ಲಿ ಮುಖ ಮುಚ್ಕೋತೀಯ. ಮೊದ್ಲು ಎಲ್ಲಿಗ್ ಹೋಗ್ಬೇಕೋ ಅಲ್ಲಿಗ್ ಹೋಗು. ಅವ್ಳು ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತಾಳೆ."

"ಅಲ್ಲಿ ಒಳಗೆ ಬಿಡದಿದ್ರೆ?"

"ಹೊರಗೆ ನಿಂತ್ಕೋ. ಕಾಲಿಲ್ವಾ?"

ಡಿಸೆಂಬರ್ 8, ಭಾನುವಾರ

ಸಹಿ ಹಾಕಿ ಮದುಕ್ಕರೈಗೆ ಹೋದೆ. ಗೋಕಿಲಾ ಬಾಗಿಲು ತೆರೆದು, ನೋಡಿ, ಮತ್ತೆ ಮುಚ್ಚಿದಳು. ಎರಡು ಗಂಟೆ ಎದುರಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಎಲೆಗಳ ಮೇಲೆಲ್ಲ ಸಿಮೆಂಟ್ ಫ್ಯಾಕ್ಟರಿಯ ಧೂಳು. ವಾಪಸು ಬಂದೆ.

ಸಿಟ್ಟು ಬಂತು. ಪೆರಿಯನಾಯಕಿಯ ಅಕ್ಕನ ಮನೆಯ ಬಾಗಿಲನ್ನು ಒದೆಯಬೇಕೆನಿಸಿತು.

ಡಿಸೆಂಬರ್ 15, ಭಾನುವಾರ

ಬಾಗಿಲು ತೆರೆಯಲಿಲ್ಲ. ನಿಂತು ಬಂದೆ.

ಡಿಸೆಂಬರ್ 22, ಭಾನುವಾರ

ಪೆರಿಯನಾಯಕಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ನಿಂತೇ, ಎಂದಿನಂತೆ ಮರ್ಯಾದೆಯ 'ಉಂಗ' ಸೇರಿಸಿ ಕೇಳಿದಳು: "ಏನ್ ಬೇಕುಂಗ?"

"ನೋಡಕ್ ಬಂದೆ."

"ನೋಡಿದ್ರಲ್ಲಾ."

"ನಾನು ನಿನ್ನ ಹೊಡೆದೆ," ಎಂದೆ. ಇನ್ನೂ ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅಷ್ಟೇ ಬಂತು.

ಅವಳು ನಕ್ಕಳು. ಸಂತೋಷದ ನಗುವಲ್ಲ. "ಇದ್ನ ನಂಗ್ ಹೇಳಕ್ಕೆ ಸೋಮನೂರಿಂದ ಬಂದ್ರಾ? ನಂಗೊತ್ತಿಲ್ವಾ?" ಎಂದು ಒಳಗೆ ಹೋದಳು.

ಹೋಗುವಾಗ ಬಾಗಿಲು ಹಾಕಿಕೊಳ್ಳಲಿಲ್ಲ. ನಾನು ಒಳಗೆ ಹೋಗಲಿಲ್ಲ.

ಜನವರಿ 5, 2025, ಭಾನುವಾರ

ಇವತ್ತು ಮೆಟ್ಟಿಲ ಮೇಲೆ ಕೂರಲು ಹೇಳಿದಳು. ತಾನೂ ಒಂದು ಮೆಟ್ಟಿಲು ಮೇಲೆ, ನನಗೆ ಬೆನ್ನು ಕಾಣುವಂತೆ ಓರೆಯಾಗಿ ಕೂತಳು. ಗೋಕಿಲಾ ಬಾಗಿಲಿಗೆ ಒರಗಿ ನಿಂತಿದ್ದಳು. ಮಧ್ಯಾಹ್ನ ಎರಡರ ಬಿಸಿಲು. ಲಾರಿಗಳು ಹೋಗುತ್ತಿದ್ದವು.

"ಹೊಡೆದೆ ಅಂದ್ರಿ. ಮೊದಲ್ನೇ ಸಲ ಯಾವಾಗ ಅಂತ ನೆನಪಿದ್ಯಾ?" ಎಂದು ಕೇಳಿದಳು.

ಯೋಚಿಸಿದೆ. ಇರಲಿಲ್ಲ. ಇಲ್ಲ ಎಂದೆ.

"ನಂಗಿದೆ. ಮದುವೆಯಾಗಿ ನಲವತ್ತೊಂದ್ನೇ ದಿನ. ನಿಮ್ಮಕ್ಕ ಬಂದಿದ್ರು. ನೀವು ಲೂಮಿನ ಹತ್ರ ಏನೋ ಹಾಡ್ಕೊಂಡು ಎಳೆ ಕಟ್ತಿದ್ರಿ. ಹಾಡು ತಪ್ಪಿತು. ನಾನು ನಕ್ಕೆ. ಆಗ ನಂಗೆ ಹತ್ತೊಂಬತ್ತು. ನಗು ಬರ್ತಿತ್ತು."

ನಾನು ಹಾಡುತ್ತಿದ್ದೆನೇ? ಅದೂ ನೆನಪಿಲ್ಲ.

"ಕೈಲಿ ಲಾಳಿ ಇತ್ತು ನಿಮ್ಗೆ. ಅದ್ರಲ್ಲೇ ಕಿವಿ ಮೇಲೆ ಹೊಡೆದ್ರಿ. ಒಳಗೆ ಪಟ್ ಅಂತು. ಮೂರು ದಿನ ನೀರು ಸುರೀತು, ಆಮೇಲೆ ನಿಂತೋಯ್ತು. ಅವತ್ತಿಂದ ಈ ಎಡಗಿವಿ ಕೇಳಿಸಲ್ಲ."

"ಕೇಳಿಸಲ್ವಾ?"

"ಕೇಳಿಸಲ್ಲ. ನೀವು ಆ ಕಡೆಯಿಂದ ಕರೆದ್ರೆ ಗೊತ್ತಾಗ್ತಿರ್ಲಿಲ್ಲ. ಮೂರು ಸಲ ಕರೆದ್ರೂ ಮಾತಾಡಲ್ಲ, ತಿಮಿರು, ಕೊಬ್ಬು ಅಂತ ಹೊಡೀತಿದ್ರಿ. ಎಷ್ಟು ವರ್ಷ ಅದೊಂದಕ್ಕೇ ಹೊಡೆದ್ರಿ."

"ಹೇಳ್ಬೋದಾಗಿತ್ತಲ್ಲಾ ನಂಗೆ?"

"ಯಾವ ನಿಮ್ಗೆ? ಹೊಡೆಯೋ ನಿಮ್ಗಾ?"

ಗೋಕಿಲಾ ಬಾಗಿಲಿನಿಂದ ಮುಂದೆ ಬಂದು, "ಅಮ್ಮಾ, ಇದು ನಂಗೂ ಹೇಳಿಲ್ಲ ನೀನು," ಎಂದಳು. ಪೆರಿಯನಾಯಕಿ ಅವಳ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು, ಅಷ್ಟೇ. ಮತ್ತೆ ಮುಂದುವರಿಸಿದಳು. ಆ ವರ್ಷದ ಆಡಿಯಲ್ಲಿ, ಆಷಾಢದ ತಿಂಗಳಲ್ಲಿ ಏನಾಯಿತು, ಅವಳ ಅಪ್ಪ ನೋಡಲು ಬಂದ ದಿನ ಏನಾಯಿತು, ಹುಟ್ಟದೆ ಹೋದ ಮೊದಲ ಕೂಸು ಯಾಕೆ ಹುಟ್ಟದೆ ಹೋಯಿತು. ದನಿ ಏರಿಸಲಿಲ್ಲ. ಯಾವ ಸೀರೆ ಉಟ್ಟಿದ್ದಳು, ಒಲೆಯ ಮೇಲೆ ಏನಿತ್ತು, ಎಲ್ಲವನ್ನೂ ಹೇಳಿದಳು. ನಾನು ನಡುವೆ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬರಲಿದ್ದದ್ದು ಸಮಜಾಯಿಷಿಯೇ ಎಂದು ಗೊತ್ತಾಗಿ ಮುಚ್ಚಿದೆ. ಆ ಕೂಸಿನ ವಿಷಯ ಬಂದಾಗ ಎದ್ದು ಚರಂಡಿಯ ಪಕ್ಕಕ್ಕೆ ಹೋಗಿ ಕಾರಿಕೊಂಡೆ. ವಾಪಸು ಬರುವವರೆಗೆ ಅವಳು ಕಾದಳು. ನೀರು ಕೊಡಲಿಲ್ಲ.

ನಾಲ್ಕೂವರೆ ಆಯಿತು. ಇನ್ನು ಕೇಳಲು ನನ್ನಿಂದಾಗಲಿಲ್ಲ. ಎದ್ದು, ಬಸ್ಸಿಗೆ ಹೊತ್ತಾಯಿತು ಎಂದೆ.

"ಕೂತ್ಕೊಳ್ಳಿಂಗ," ಎಂದಳು. "ಇನ್ನೂ ಮೊದಲ್ನೇ ವರ್ಷವೇ ಮುಗಿದಿಲ್ಲ."

ಹೋಗಿ ಅವಳ ಬಲಗಡೆಗೆ ಕೂತೆ.